ಬಿರುಮಳೆಗೆ ಮುನ್ನ ಎರಡು ಲೆಕ್ಕಗಳು

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಏರ್ಪಡಿಸಿದ್ದ ಮುಂಗಾರು ಪೂರ್ವಸಿದ್ಧತಾ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಕ್ಕಡದ ಮಳೆಯನ್ನು ಬಾಲ್ಯದಿಂದಲೂ ಕಂಡವರಿಗೆ ಮಳೆಯ ಬಗ್ಗೆ ಪಾಠ ಹೇಳಲು ಹೊರಟರೆ ಅದು ಅಧಿಕಪ್ರಸಂಗವಾದೀತು. ಆದುದರಿಂದ ನಾನು ಮಳೆಯ ಬಗ್ಗೆ ಹೆಚ್ಚು ಮಾತನಾಡುವುದಿಲ್ಲ. ಲೆಕ್ಕದ ಬಗ್ಗೆ ಮಾತನಾಡುತ್ತೇನೆ. ಬಿರುಮಳೆಯ ಮುನ್ಸೂಚನೆ ಬಂದ ದಿನ ಒಂದು ಪಂಚಾಯಿತಿಗೆ ಎರಡು ಲೆಕ್ಕಗಳು ಗೊತ್ತಿರಬೇಕು. ಈ ರಾತ್ರಿ ನಮ್ಮ ಊರಿನ ಇಳಿಜಾರುಗಳಲ್ಲಿ ಮಲಗುವವರು ಯಾರು ಎಂಬುದು ಮೊದಲನೆಯದು. ಬೆಳಿಗ್ಗೆ ಬೆಟ್ಟ ಹತ್ತಿದವರಲ್ಲಿ ಇನ್ನೂ ಇಳಿಯದವರು ಯಾರು ಎಂಬುದು ಎರಡನೆಯದು. ಮೊದಲನೆಯದನ್ನು ನಾವು ಅರ್ಧಂಬರ್ಧ ಇಟ್ಟುಕೊಂಡಿದ್ದೇವೆ. ಎರಡನೆಯದು ಬಹುತೇಕ ಕಡೆ ಇಲ್ಲವೇ ಇಲ್ಲ.

2018ರ ಆಗಸ್ಟ್ ಮಧ್ಯದ ಆ ದಿನಗಳನ್ನು ನೆನಪಿಸಬೇಕಾದ ಅಗತ್ಯವಿಲ್ಲ. ಜೋಡುಪಾಲ, ಮದೆನಾಡು, ಮಕ್ಕಂದೂರು, ಮುಕ್ಕೋಡ್ಲು, ಹೆಮ್ಮೆತ್ತಾಳು ಎಂಬ ಹೆಸರುಗಳು ಇಲ್ಲಿ ಕುಳಿತಿರುವ ಅನೇಕರಿಗೆ ಬರಿಯ ಹೆಸರುಗಳಲ್ಲ. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಬೆಟ್ಟ ಜಾರಿತು. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿಗೆ ಹೋಯಿತು. 2024ರ ಜುಲೈ 30ರಂದು ನಮ್ಮ ಪಕ್ಕದ ವಯನಾಡಿನ ಮುಂಡಕೈ, ಚೂರಲ್‌ಮಲೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ತಲಕಾವೇರಿಯಲ್ಲಿಯೂ ವಯನಾಡಿನಲ್ಲಿಯೂ ಅವಘಡ ನಡೆದದ್ದು ಕತ್ತಲೆಯಲ್ಲಿ, ಜನ ಮನೆಯೊಳಗಿದ್ದ ಹೊತ್ತಿನಲ್ಲಿ.

ವಯನಾಡಿನ ವಿಷಯದಲ್ಲಿ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಲ್ಪೆಟ್ಟದಲ್ಲಿ ಹ್ಯೂಮ್ ಕೇಂದ್ರವೆಂಬ ಒಂದು ಸಂಸ್ಥೆಯಿದೆ. ತೋಟಗಳಲ್ಲಿ, ರೈತರ ಮನೆಯಂಗಳಗಳಲ್ಲಿ ಇಟ್ಟಿರುವ ಇನ್ನೂರಕ್ಕೂ ಹೆಚ್ಚು ಮಳೆಮಾಪಕಗಳ ಅಂಕಿಗಳನ್ನು ಅದು ಪ್ರತಿದಿನ ಸಂಗ್ರಹಿಸುತ್ತದೆ. 2020ರಲ್ಲಿ ಆ ಅಂಕಿಗಳನ್ನು ನೋಡಿ ಅದು ನೀಡಿದ ಎಚ್ಚರಿಕೆಯ ಮೇಲೆ ಮುಂಡಕೈಯ ಜನರನ್ನು ಸ್ಥಳಾಂತರಿಸಲಾಗಿತ್ತು. ಬೆಟ್ಟ ಜಾರಿತು, ಜನ ಉಳಿದರು. 2024ರಲ್ಲಿಯೂ ಹಿಂದಿನ ದಿನವೇ ಎಚ್ಚರಿಕೆ ಹೊರಟಿತ್ತು. ಅಂಕಿಯೊಂದೇ ಯಾರನ್ನೂ ಉಳಿಸುವುದಿಲ್ಲ. ಅಂಕಿಯನ್ನು ನೋಡಿ, ಹಗಲಿರುವಾಗಲೇ, ಇಂತಿಂಥ ಮನೆಯವರು ಹೊರಡಬೇಕೆಂದು ಹೇಳುವವರು ಬೇಕು.

ಕೊಡಗಿನಲ್ಲಿ ಮಳೆಮಾಪಕ ಹೊಸದೇನಲ್ಲ. ಕಾಫಿ ತೋಟದ ಬಂಗಲೆಗಳಲ್ಲಿ ತಲೆಮಾರುಗಳಿಂದ ಮಳೆಯನ್ನು ಇಂಚು ಸೆಂಟುಗಳಲ್ಲಿ ಬರೆದಿಡುವ ಪದ್ಧತಿಯಿದೆ. ಹವಾಮಾನ ಇಲಾಖೆಯವರು ಮಿಲಿಮೀಟರಿನಲ್ಲಿ ಹೇಳುವುದರಿಂದ ನಮ್ಮ ಹಿರಿಯರಿಗೆ ಅದು ಮನಸ್ಸಿಗೆ ಹತ್ತುವುದಿಲ್ಲ. ಇಂಚಿನಲ್ಲಿಯೇ ಹೇಳುತ್ತೇನೆ, ಬರೆದುಕೊಳ್ಳಿ. ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಯವರೆಗೆ ಎರಡೂವರೆ ಇಂಚು ದಾಟಿದರೆ ಇಲಾಖೆಯ ಭಾಷೆಯಲ್ಲಿ ಅದು ಭಾರಿ ಮಳೆ. ನಾಲ್ಕೂವರೆ ದಾಟಿದರೆ ಅತಿ ಭಾರಿ. ಎಂಟು ದಾಟಿದರೆ ಅತ್ಯಂತ ಭಾರಿ, ಅಂದರೆ 204 ಮಿಲಿಮೀಟರಿಗಿಂತ ಮೇಲೆ. ಇದರ ಜೊತೆಗೆ ಹಿಂದಿನ ದಿನಗಳ ಮಳೆಯನ್ನೂ ಕೂಡಿಸಿ ನೋಡಬೇಕು. ಜೂನ್ ಮೊದಲಲ್ಲಿ ಬಿದ್ದ ಆರು ಇಂಚು ಬೇರೆ, ತಿಂಗಳುಗಟ್ಟಲೆ ನೆನೆದ ಮಣ್ಣಿನ ಮೇಲೆ ಆಗಸ್ಟಿನಲ್ಲಿ ಬಿದ್ದ ಆರು ಇಂಚು ಬೇರೆ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲಿಯೇ ಇವೆ. 15 ನಿಮಿಷಕ್ಕೊಮ್ಮೆ ಅಂಕಿಯನ್ನು ಬೆಂಗಳೂರಿಗೆ ಕಳುಹಿಸುತ್ತವೆ. ಅದೇ ಕೇಂದ್ರದ ವರುಣ ಮಿತ್ರ ಸಹಾಯವಾಣಿಗೆ, 92433 45433ಕ್ಕೆ, ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು. ಆದರೆ ಒಂದು ಪಂಚಾಯಿತಿಯ ಈ ತುದಿಗೂ ಆ ತುದಿಗೂ ಮಳೆ ಎಷ್ಟು ವ್ಯತ್ಯಾಸವಾಗುತ್ತದೆಂಬುದು ನಿಮಗೆ ಗೊತ್ತು. ಬೆಟ್ಟದ ಬುಡದ ಎರಡು ಮೂರು ತೋಟಗಳವರು ತಮ್ಮ ಪುಸ್ತಕದ ಅಂಕಿಯನ್ನು ದಿನವೂ ಪಂಚಾಯಿತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಅದಕ್ಕೆ ಒಂದು ಪೈಸೆಯ ಅನುದಾನವೂ ಬೇಡ.

ಈಗ ಬಣ್ಣಗಳ ವಿಷಯ. ಹಳದಿ ಎಂದರೆ ಗಮನವಿಟ್ಟಿರಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಕೆಂಪು ಬಂದ ಮೇಲೆ ಸಿದ್ಧತಾ ಸಭೆ ಕರೆಯುವ ವಾಡಿಕೆ ನಮ್ಮಲ್ಲಿದೆ. ಸಭೆಯ ದಿನ ಕಿತ್ತಳೆಯದು. ನನ್ನ ಅಭಿಪ್ರಾಯದಲ್ಲಿ ಆ ದಿನ ಮಧ್ಯಾಹ್ನ ನಾಲ್ಕರೊಳಗೆ ತೀರ್ಮಾನವಾಗಬೇಕು. ನಾಲ್ಕಾದ ಮೇಲೆ ಹೊರಟರೆ ಮುದುಕರನ್ನು, ಮಕ್ಕಳನ್ನು, ದನಗಳನ್ನು ಕರೆದುಕೊಂಡು ಗಂಜಿ ಕೇಂದ್ರ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ.

ಮೊದಲನೆಯ ಲೆಕ್ಕಕ್ಕೆ ಬರುತ್ತೇನೆ. ಮತದಾರರ ಪಟ್ಟಿಯಾಗಲಿ ಪಡಿತರ ಚೀಟಿಯ ಪಟ್ಟಿಯಾಗಲಿ ಊರಿನಲ್ಲಿ ಮಲಗುವವರ ಪಟ್ಟಿಯಲ್ಲ. ತೋಟಗಳ ಲೈನ್‌ಮನೆಗಳಲ್ಲಿ ಅಸ್ಸಾಮಿನಿಂದ, ಇತರ ದೂರದ ರಾಜ್ಯಗಳಿಂದ ಬಂದ ಕುಟುಂಬಗಳಿವೆ. ಅವರ ಹೆಸರು ನಿಮ್ಮ ಯಾವ ದಾಖಲೆಯಲ್ಲಿಯೂ ಇಲ್ಲ; ಇರುವುದು ತೋಟದ ರೈಟರ ಪುಸ್ತಕದಲ್ಲಿ ಮಾತ್ರ. ಆಟೋದಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ನಾವು ಕನ್ನಡದಲ್ಲಿ ಕೂಗಿ ಹೋಗುವುದು ಅವರಿಗೆ ಅರ್ಥವೂ ಆಗುವುದಿಲ್ಲ. ಲೈನ್‌ಮನೆಗಳು ಎಷ್ಟೋ ಕಡೆ ಕಡಿದ ಬರೆಯ ಬುಡದಲ್ಲಿಯೇ ಇವೆ. ಮೇ ತಿಂಗಳಲ್ಲಿ ರೈಟರನ್ನು ಕರೆಸಿ ಆ ಪುಸ್ತಕದಿಂದ ಹೆಸರುಗಳನ್ನು ಇಳಿಸಿಕೊಳ್ಳಿ. ಅವರಲ್ಲಿಯೇ ಎರಡು ಭಾಷೆ ಬಲ್ಲ ಒಬ್ಬರ ದೂರವಾಣಿ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಹಾಸಿಗೆ ಹಿಡಿದವರು, ಗರ್ಭಿಣಿಯರು, ಡಯಾಲಿಸಿಸ್‌ಗೆ ಹೋಗುವವರು ಯಾವ ಮನೆಯಲ್ಲಿದ್ದಾರೆಂಬುದು ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠ. ಅವರನ್ನು ಸಭೆಯ ಕೊನೆಯ ಸಾಲಿನಲ್ಲಿ ಕೂರಿಸಬೇಡಿ.

ಮನೆ ಬಿಡಲು ಜನ ಒಪ್ಪುವುದಿಲ್ಲವೆಂಬ ದೂರು ಎಲ್ಲೆಡೆಯೂ ಇದೆ. ಒಪ್ಪದಿರುವುದಕ್ಕೆ ಕಾರಣಗಳಿವೆ, ಅವು ಹಟಮಾರಿತನವಲ್ಲ. ಹಟ್ಟಿಯಲ್ಲಿ ಹಾಲು ಕರೆಯುವ ಹಸುವಿದೆ. ಬಿಟ್ಟುಹೋದ ಮನೆಗೆ ಕಳ್ಳರು ಬಂದಾರೆಂಬ ಭಯವಿದೆ. ಗಂಜಿ ಕೇಂದ್ರದಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿಕೊಳ್ಳುವಂಥ ಶೌಚಾಲಯವಿಲ್ಲ. ಜಾನುವಾರುಗಳಿಗೆ ಜಾಗ, ರಾತ್ರಿ ಊರು ಕಾಯಲು ಸರದಿ, ಶೌಚಾಲಯಕ್ಕೆ ಚಿಲಕ, ಈ ಮೂರನ್ನು ಮೊದಲೇ ಮಾಡಿಟ್ಟು ಆಮೇಲೆ ಮನೆ ಬಿಡಿರೆಂದು ಹೇಳಿ ನೋಡಿ. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ, ವಾರಕ್ಕಾಗುವ ಮಾತ್ರೆಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಬಳಿಯೇ ತೂಗಾಡುತ್ತಿರಲಿ.

ಬೆಟ್ಟ ತಾನಾಗಿಯೇ ಕೊಡುವ ಸೂಚನೆಗಳೂ ಇವೆ. ಅಂಗಳದಲ್ಲಿ ಹೊಸ ಬಿರುಕು, ಸಲೀಸಾಗಿದ್ದ ಬಾಗಿಲು ಏಕಾಏಕಿ ಬಿಗಿಯುವುದು, ಕಂಬಗಳು ಮರಗಳು ವಾಲುವುದು, ಇದ್ದಕ್ಕಿದ್ದಂತೆ ಹೊಸ ಒರತೆ ಏಳುವುದು, ತಿಳಿಯಾಗಿದ್ದ ನೀರು ಕೆಂಪಾಗುವುದು. ಇವೆಲ್ಲಕ್ಕಿಂತ ಮೋಸದ ಸೂಚನೆ ಇನ್ನೊಂದಿದೆ. ಮಳೆ ಸುರಿಯುತ್ತಲೇ ಇರುವಾಗ ತೋಡಿನ ನೀರು ತಟ್ಟನೆ ಇಳಿಯುತ್ತದೆ. ನೋಡುವವರು ಇಳಿಯಿತಲ್ಲ ಎಂದು ನಿಟ್ಟುಸಿರು ಬಿಡುತ್ತಾರೆ. ಮೇಲೆಲ್ಲೋ ಮಣ್ಣು ಮರ ಬಿದ್ದು ನೀರು ಕಟ್ಟಿ ನಿಂತಿರಬಹುದು; ಆ ಕಟ್ಟೆ ಒಡೆದರೆ ಬರುವುದು ಬರಿಯ ನೀರಲ್ಲ. ಆಗ ತೋಡಿನ ಉದ್ದಕ್ಕೆ ಕೆಳಗೆ ಓಡದೆ, ಅಡ್ಡಲಾಗಿ ಎತ್ತರದ ಜಾಗಕ್ಕೆ ಹೋಗಬೇಕು. ಇದನ್ನು ಶಾಲೆಯ ಮಕ್ಕಳಿಗೂ ಹೇಳಿಕೊಡಬೇಕು.

ಎರಡನೆಯ ಲೆಕ್ಕ ಬೆಟ್ಟ ಹತ್ತಿದವರದು. ಚಾರಣಕ್ಕೆ ಬರುವವರೆಂದರೆ ಪ್ಲಾಸ್ಟಿಕ್ ಎಸೆದು ಹೋಗುವವರು ಎಂಬ ಸಿಟ್ಟು ನಮ್ಮ ಹಳ್ಳಿಗಳಲ್ಲಿದೆ. ಸಿಟ್ಟು ನ್ಯಾಯವೇ ಇರಬಹುದು. ಆದರೆ ಬಿರುಮಳೆಯ ದಿನ ಅವರು ನಮ್ಮ ಸರಹದ್ದಿನಲ್ಲಿರುವ ಜನ, ಅಷ್ಟೇ. ಅವರನ್ನು ಹುಡುಕಲು ಹೋಗುವವರೂ ನಮ್ಮ ಹುಡುಗರೇ.

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಮಾರ್ಗದಲ್ಲಿ, 4 ಸಾವಿರ ಮೀಟರಿಗೂ ಮೇಲೆ, ಹಿಮಗಾಳಿಗೆ ಸಿಕ್ಕಿದ 22 ಜನರ ತಂಡದಲ್ಲಿ ಹೆಚ್ಚಿನವರು ನಮ್ಮ ಕರ್ನಾಟಕದವರು. 9 ಮಂದಿ ಹಿಂತಿರುಗಲಿಲ್ಲ. ಉಳಿದ 13 ಮಂದಿಯನ್ನು ರಕ್ಷಿಸಲಾಯಿತು. ನಮ್ಮಲ್ಲಿ ಹಿಮವಿಲ್ಲ ನಿಜ. ತಡಿಯಂಡಮೋಳ್ 1,748 ಮೀಟರ್, ಪುಷ್ಪಗಿರಿ 1,712 ಮೀಟರ್. ಆದರೆ ಮಂಜು ಕವಿದಾಗ ದಾರಿ ತಪ್ಪುವುದಕ್ಕೆ, ಒದ್ದೆ ಬಟ್ಟೆಯಲ್ಲಿ ಗಾಳಿಗೆ ಮೈ ತಣ್ಣಗಾಗಿ ಬುದ್ಧಿ ಮಂಕಾಗುವುದಕ್ಕೆ ಇಷ್ಟು ಎತ್ತರ ಸಾಕು. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ ತೊರೆ ಸಂಜೆ ಮೊಣಕಾಲುದ್ದ ರಭಸವಾಗಿ ಹರಿಯುತ್ತಿದ್ದರೆ ಗಟ್ಟಿಗನನ್ನೂ ಕೆಡಹುತ್ತದೆ. ಆ ದಡದಲ್ಲಿಯೇ ರಾತ್ರಿ ಕಳೆಯುವುದು ದಾಟುವುದಕ್ಕಿಂತ ಮೇಲೆಂದು ಅವರಿಗೆ ಮೊದಲೇ ಹೇಳಿರಬೇಕು.

ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನದ ಗುಡುಗು ಮಳೆ ಇನ್ನೂ ಅಪಾಯ. ಬೆಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ನಿಂತ ಮನುಷ್ಯನೇ ಅಲ್ಲಿ ಅತಿ ಎತ್ತರದ ವಸ್ತು. ಮಿಂಚು ಕಂಡ ಕ್ಷಣದಿಂದ ಎಣಿಸಿ, 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗಿದೆ ಎಂದು ಅರ್ಥ. ಕೂಡಲೇ ನೆತ್ತಿಯಿಂದ ಇಳಿಯಬೇಕು, ಒಂಟಿ ಮರದ ಕೆಳಗೆ ನಿಲ್ಲಬಾರದು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬಾರದು. ಮಾಂದಲಪಟ್ಟಿಯ ಕಡೆ ಓಡಾಡುವ ಜೀಪುಗಳ ಚಾಲಕರು ಒಂದು ಮಾತು ಗಮನಿಸಲಿ: ಪೂರ್ತಿ ಲೋಹದ ಮೈಯಿರುವ, ಗಾಜು ಏರಿಸಿದ ವಾಹನ ಸಿಡಿಲಿನಿಂದ ರಕ್ಷಣೆ ಕೊಡುತ್ತದೆ, ಟಾರ್ಪಾಲಿನ ಹೊದಿಕೆಯ ಜೀಪು ಕೊಡುವುದಿಲ್ಲ.

ಇನ್ನು ನೋಂದಣಿ ಪುಸ್ತಕ. ಚಾರಣದ ಬಾಗಿಲಲ್ಲಿ ಹೆಸರು ಬರೆಸಿಕೊಂಡು ಶುಲ್ಕ ಪಡೆಯುವುದು ಅರಣ್ಯ ಇಲಾಖೆಯ ಕೆಲಸ. ದಾರಿ ಮುಚ್ಚುವ ಅಧಿಕಾರವೂ ನಮ್ಮದಲ್ಲ. ಆದರೆ ಹತ್ತಿದ ಸಮಯವಿದ್ದು ಇಳಿದ ಸಮಯದ ಕಾಲಂ ಇಲ್ಲದ ಪುಸ್ತಕ ಶುಲ್ಕದ ಲೆಕ್ಕವೇ ಹೊರತು ಜನರ ಲೆಕ್ಕವಲ್ಲ. ಪುಷ್ಪಗಿರಿಯನ್ನೇ ತೆಗೆದುಕೊಳ್ಳಿ. ನಮ್ಮ ಸೋಮವಾರಪೇಟೆಯ ಕಡೆಯಿಂದ ಹತ್ತಿದವರು ಕುಕ್ಕೆ ಸುಬ್ರಹ್ಮಣ್ಯದ ಕಡೆ, ಅಂದರೆ ದಕ್ಷಿಣ ಕನ್ನಡಕ್ಕೆ, ಇಳಿದುಬಿಡುವುದುಂಟು. ನಮ್ಮ ಪುಸ್ತಕದಲ್ಲಿ ಅವರು ಇನ್ನೂ ಬೆಟ್ಟದ ಮೇಲೆ. ನಿಜದಲ್ಲಿ ಬೆಂಗಳೂರಿನ ಬಸ್ಸಿನಲ್ಲಿ. ಅವರನ್ನು ಹುಡುಕಲು ನಮ್ಮ ಹುಡುಗರು ರಾತ್ರಿ ಮಳೆಯಲ್ಲಿ ಹತ್ತುತ್ತಾರೆ. ಇದರ ತಿರುಗು ಮುರುಗು ಇನ್ನೂ ಕೆಟ್ಟದ್ದು. ಎರಡೂ ತುದಿಯ ಪಂಚಾಯಿತಿಗಳು ಸಂಜೆ ಆರಕ್ಕೆ ಒಂದು ಕರೆ ಮಾಡಿ ಸಂಖ್ಯೆ ಹೊಂದಿಸಿಕೊಳ್ಳಬೇಕು.

ಕಕ್ಕಬ್ಬೆಯಂಥ ಕಡೆ ಬಾಗಿಲಿಗಿಂತ ಹೋಂಸ್ಟೇಗಳೇ ನಂಬಿಕೆಯ ಮೂಲ. ಬೆಳಿಗ್ಗೆ ತಿಂಡಿ ತಿಂದು ಹೋದವರು ಊಟಕ್ಕೆ ಬಂದರೇ ಇಲ್ಲವೇ ಎಂಬುದು ಅಲ್ಲಿಯ ಯಜಮಾನತಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಕಿತ್ತಳೆ ಎಚ್ಚರಿಕೆಯ ದಿನ ಪ್ರತಿ ಹೋಂಸ್ಟೇಯಿಂದ ತಂಗಿದವರ ಸಂಖ್ಯೆ ಪಂಚಾಯಿತಿಗೆ ಬರಲಿ. ಮುಂಗಡ ಹಣ ಹೋಗುತ್ತದೆಂಬ ಒಂದೇ ಕಾರಣಕ್ಕೆ ಮಳೆಯಲ್ಲಿಯೂ ಹೊರಟುಬರುವವರಿದ್ದಾರೆ. ಅಂಥ ದಿನಗಳ ಬುಕಿಂಗನ್ನು ಬೇರೆ ದಿನಕ್ಕೆ ಬದಲಿಸಿಕೊಡಲು ಮಾಲೀಕರು ಒಪ್ಪಿದರೆ ಅರ್ಧ ಅಪಾಯ ಬೆಂಗಳೂರಿನಲ್ಲಿಯೇ ಉಳಿಯುತ್ತದೆ.

ದಾರಿಹೋಕರ ಲೆಕ್ಕವಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ನಾಡೇ ಕಂಡಿತು. 2024ರ ಜುಲೈ 16ರಂದು ಹೆದ್ದಾರಿ ಬದಿಯ ಚಹಾ ಅಂಗಡಿಯ ಮೇಲೆ ಗುಡ್ಡ ಕುಸಿದಾಗ ಅಲ್ಲಿ ಎಷ್ಟು ವಾಹನ ನಿಂತಿದ್ದವು, ಎಷ್ಟು ಜನರಿದ್ದರು ಎಂದು ಖಚಿತವಾಗಿ ಹೇಳುವವರು ಇರಲಿಲ್ಲ. ಗಂಗಾವಳಿ ನದಿಯಿಂದ ಒಂದು ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಯಲ್ಲಿ.

ಇದೆಲ್ಲ ನಮ್ಮ ಕೆಲಸವೇ ಎಂದು ಕೇಳುವವರಿಗೆ: 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪಂಚಾಯಿತಿಯೂ ಸ್ಥಳೀಯ ಪ್ರಾಧಿಕಾರ, ಸಿಬ್ಬಂದಿಗೆ ತರಬೇತಿ ಕೊಡಿಸುವುದು, ಸಲಕರಣೆಗಳನ್ನು ಸದಾ ಸಜ್ಜಾಗಿಡುವುದು ಅದರ 41ನೆಯ ಕಲಮಿನ ಕರ್ತವ್ಯ. ಸಲಕರಣೆಯೆಂದರೆ ದೊಡ್ಡದೇನಲ್ಲ. ಮರ ಕೊಯ್ಯುವ ಯಂತ್ರ ಮತ್ತು ಅದನ್ನು ಓಡಿಸಬಲ್ಲ ಇಬ್ಬರು, ಹಗ್ಗ, ಟಾರ್ಚು, ಜೆಸಿಬಿ ಇರುವವರ ಪಟ್ಟಿ, ಜನರೇಟರಿಗೆ ಡೀಸೆಲ್. ವಿದ್ಯುತ್ ಹೋಗಿ ಮೊಬೈಲ್ ಟವರಿನ ಡೀಸೆಲ್ಲೂ ಮುಗಿದರೆ ಈ ಪಟ್ಟಿಗಳೆಲ್ಲ ಫೋನಿನೊಳಗೇ ಉಳಿಯುತ್ತವೆ. ಆದುದರಿಂದ ಕಾಗದದ ಮೇಲೆ ಮುದ್ರಿಸಿ, ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ಗಂಜಿ ಕೇಂದ್ರವಾಗುವ ಶಾಲೆಯಲ್ಲಿ, ಒಂದು ಠಾಣೆಯಲ್ಲಿ ಇರಲಿ. ಯಾವ ವಾರ್ಡಿಗೆ ಕಾಲ್ನಡಿಗೆಯಲ್ಲಿ ಯಾರು ಸುದ್ದಿ ಮುಟ್ಟಿಸಬೇಕೆಂಬುದನ್ನೂ ಅದರಲ್ಲಿಯೇ ಬರೆಯಿರಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077, ತುರ್ತು ಸೇವೆಯ 112 ಮೊದಲ ಸಾಲಿನಲ್ಲಿರಲಿ.

ಎರಡೂ ಪಟ್ಟಿಗಳನ್ನು ಮೇ ತಿಂಗಳ ಸಾಮಾನ್ಯ ಸಭೆಯ ಮುಂದಿಡಿ. ನಂತರ ಹದಿನೈದು ದಿನಕ್ಕೊಮ್ಮೆ ತಿದ್ದಿ. ಲೈನ್‌ಮನೆಗಳಲ್ಲಿ ಜನ ಬದಲಾಗುತ್ತಲೇ ಇರುತ್ತಾರೆ, ಮೇ ತಿಂಗಳ ಪಟ್ಟಿ ಆಗಸ್ಟಿಗೆ ಹಳೆಯದಾಗಿರುತ್ತದೆ. ಚಹಾದ ವಿರಾಮದ ನಂತರ ನಿಮ್ಮ ನಿಮ್ಮ ವಾರ್ಡಿನ ನಕ್ಷೆಗಳನ್ನು ಹಂಚುತ್ತಾರೆ. ಬರೆಯ ಬುಡದ ಮನೆಗಳನ್ನೂ ಚಾರಣದ ದಾರಿಗಳು ತೊರೆ ದಾಟುವ ಸ್ಥಳಗಳನ್ನೂ ಅದರಲ್ಲಿ ಗುರುತು ಮಾಡಿ ಕೊಡಬೇಕೆಂದು ಕೋರುತ್ತೇನೆ.