ಮೊಲದ ಟ್ರೇ ಹೇಳುವ ಸುದ್ದಿ



ಮಕ್ಕಳು ಹಟ ಹಿಡಿದು ಮೊಲ ತರಿಸಿಕೊಳ್ಳುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಟ್ರೇ ತೊಳೆಯುವ ಕೆಲಸ ಅಮ್ಮನ ಪಾಲಿಗೆ! ವಿಶಾಖಪಟ್ಟಣವಾಗಲಿ, ವಿಜಯವಾಡವಾಗಲಿ, ಕಥೆ ಇದೇ. ಆದ್ದರಿಂದ ಈ ಮಾತು ಅಮ್ಮಂದಿರಿಗೇ.

ಮೊಲ ನಾಯಿಯ ಹಾಗೆ ನರಳಿ ತೋರಿಸುವುದಿಲ್ಲ. ಬೇರೆ ಪ್ರಾಣಿಗಳ ಬೇಟೆಗೆ ಸಿಗುವ ಜೀವ, ನೋವು ಬಚ್ಚಿಡುವುದೇ ಅದರ ಸ್ವಭಾವ. ಅದರ ಆರೋಗ್ಯದ ಸುದ್ದಿ ಸಿಗುವುದು ಟ್ರೇಯಲ್ಲಿ. ಬೆಳಿಗ್ಗೆ ಹಿಕ್ಕೆ ಎಸೆಯುವ ಮುಂಚೆ ಒಂದು ನಿಮಿಷ ನೋಡಿ. ಬಟಾಣಿ ಗಾತ್ರ, ದುಂಡಗೆ, ಒಡೆದರೆ ಒಳಗೆ ಹುಲ್ಲಿನ ನಾರು ಕಂಡರೆ ಎಲ್ಲ ಸರಿ. ಸಣ್ಣಗೆ, ಸೊಟ್ಟಗೆ, ಕಡಿಮೆಯಾಗಿದ್ದರೆ ಕರುಳಿನ ಚಲನೆ ನಿಧಾನವಾಗಿದೆ ಎಂದರ್ಥ. ಕೂದಲಿನಲ್ಲಿ ಸರದಂತೆ ಪೋಣಿಸಿಕೊಂಡಿದ್ದರೆ ಮೈಗೆ ಬ್ರಷ್ ಮಾಡಿ, ಒಣಹುಲ್ಲು ಹೆಚ್ಚು ಕೊಡಿ. ದ್ರಾಕ್ಷಿ ಗೊಂಚಲಿನಂಥ ಮೆತ್ತನೆಯ ಹಿಕ್ಕೆಯನ್ನು ಮೊಲ ತಾನೇ ತಿನ್ನುತ್ತದೆ, ಅಸಹ್ಯಪಡಬೇಡಿ, ಅದು ಅದರ ಆಹಾರ. ಅದು ದಿನವೂ ತಿನ್ನದೆ ಉಳಿಯುತ್ತಿದ್ದರೆ ಹಣ್ಣು, ಪೆಲೆಟ್ ಜಾಸ್ತಿಯಾಗಿದೆಯೇ ನೋಡಿ.

ಇದೊಂದನ್ನು ಮಾತ್ರ ಮರೆಯಬೇಡಿ. 10-12 ಗಂಟೆ ಮೊಲ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ನಾಳೆಗೆ ಬಿಡಬಾರದು, ಆಗಲೇ ವೈದ್ಯರಲ್ಲಿಗೆ ಓಡಬೇಕು. ಮನೆಯಲ್ಲಿರುವ ಅಮಾಕ್ಸಿಸಿಲಿನ್ ಬಾಯಿಗೆ ಹಾಕಲೇಬೇಡಿ, ಅದು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಮೊಲದ ಜೀವಕ್ಕೇ ಎರವಾಗುತ್ತದೆ. ನಾಯಿಯ ಉಣ್ಣೆಗೆ ಹಚ್ಚುವ ಫಿಪ್ರೊನಿಲ್ ಕೂಡ ಬೇಡ. ನಾಯಿ, ದನ ನೋಡುವ ಎಲ್ಲರಿಗೂ ಮೊಲದ ಅನುಭವ ಇರುವುದಿಲ್ಲ. ಮೊಲ ಚೆನ್ನಾಗಿರುವಾಗಲೇ ವಿಚಾರಿಸಿಡಿ. ವಿಜಯವಾಡದವರು ಗನ್ನವರಂನ ಎನ್.ಟಿ.ಆರ್. ಪಶುವೈದ್ಯಕೀಯ ಕಾಲೇಜಿನಲ್ಲೂ ಕೇಳಬಹುದು.

ಮೂತ್ರ ಕೆಂಪು, ಕಿತ್ತಳೆ ಬಣ್ಣಕ್ಕಿದ್ದರೆ ಗಾಬರಿ ಬೇಡ, ಎಷ್ಟೋ ಸಲ ಸೊಪ್ಪಿನ ಬಣ್ಣ ಅದು. ತಿಣುಕುತ್ತಾ ಹನಿ ಹನಿಯಾಗಿ ಮಾಡಿದರೆ ತೋರಿಸಿ.

ಇನ್ನು ನಮ್ಮ ಊರುಗಳ ಬಿಸಿಲು. ಮೇ ತಿಂಗಳಲ್ಲಿ ವಿಜಯವಾಡ 40 ಡಿಗ್ರಿ ದಾಟುತ್ತದೆ, ಮೊಲಕ್ಕೆ 30 ಡಿಗ್ರಿಯೇ ಕಷ್ಟ. ಬೆವರಿ ತಂಪಾಗಲು ಅದಕ್ಕೆ ಬರುವುದಿಲ್ಲ. ಬಾಲ್ಕನಿ ಬೇಡ, ಒಳಗೆ ಟೈಲ್ಸ್ ಮೇಲೆ ಬಿಡಿ, ಬಾಟಲಿಯಲ್ಲಿ ನೀರು ಮಂಜುಗಟ್ಟಿಸಿ ಬಟ್ಟೆ ಸುತ್ತಿ ಪಕ್ಕಕ್ಕಿಡಿ. ವಿಶಾಖಪಟ್ಟಣದಲ್ಲಿ ಸಮುದ್ರದ ತೇವ. ಟ್ರೇ ಒಣಗುವುದಿಲ್ಲ, ಹುಲ್ಲು ಬೂಸ್ಟು ಹಿಡಿಯುತ್ತದೆ, ಹಿಂಭಾಗ ಒದ್ದೆಯಾದ ಮೊಲಕ್ಕೆ ನೊಣ ಮೊಟ್ಟೆಯಿಟ್ಟು ಹುಳುವಾಗುತ್ತದೆ. ಮಳೆಗಾಲದಲ್ಲಿ ದಿನಕ್ಕೆರಡು ಸಲ ಬಾಲದ ಕೆಳಗೆ ನೋಡಲೇಬೇಕು.

ಟ್ರೇಗೆ ದೊಡ್ಡ ಪ್ಲಾಸ್ಟಿಕ್ ಬೇಸಿನ್ ಸಾಕು. ಮೊಲ ತಾನೇ ಆರಿಸಿದ ಮೂಲೆಯಲ್ಲಿಡಿ. ತಳಕ್ಕೆ ದಿನಪತ್ರಿಕೆ, ಒಂದು ಬದಿಗೆ ಒಣಹುಲ್ಲು. ತಿನ್ನುತ್ತಲೇ ಹಿಕ್ಕೆ ಹಾಕುವುದು ಅದರ ಅಭ್ಯಾಸ. ಬೆಕ್ಕಿನ ಉಂಡೆಗಟ್ಟುವ ಲಿಟರ್, ಫಿನಾಯಿಲ್, ನುಸಿಗುಳಿಗೆ ಹತ್ತಿರ ಸುಳಿಯಬಾರದು. ಬಿಳಿ ಕಲೆ ಹೋಗಲು ವಿನೆಗರ್ ಸಾಕು. ಗಣೇಶನಿಗೆ ತರುವ ಗರಿಕೆಯನ್ನು ತೊಳೆದು ಕೊಡಿ, ಬಲು ಇಷ್ಟ.

ಹಿಕ್ಕೆಯನ್ನು ಗೊಬ್ಬರವಾಗಿ ಕರಿಬೇವಿನ ಕುಂಡಕ್ಕೆ ನೇರವಾಗಿಯೇ ಹಾಕಬಹುದು. ಹಾಕುವ ಮುಂಚೆ ನೋಡಿರಬೇಕು, ಅಷ್ಟೇ.