ಆಡಿಯ ಗಾಳಿ, ಐಪ್ಪಸಿಯ ಸೋರಿಕೆ



ಈ ಹೊತ್ತು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ನಮ್ಮ ತಲೆಯ ಮೇಲಿರುವ ಹೆಂಚಿನ ಬಗ್ಗೆ. ಸಿರುಮುಗೈಯಲ್ಲಾಗಲಿ, ನೆಗಮಂ ಕಡೆಯಲ್ಲಾಗಲಿ, ಕನ್ನಡ ಮಾತನಾಡುವ ದೇವಾಂಗದ ಮನೆಗಳಲ್ಲಿ ಮನೆ ಬೇರೆ, ಕಸುಬಿನ ಜಾಗ ಬೇರೆ ಎಂದಿಲ್ಲ. ಮಲಗುವುದೂ ಅಲ್ಲೇ, ನೇಯುವುದೂ ಅಲ್ಲೇ. ಬೇರೆಯವರ ಮನೆ ಸೋರಿದರೆ ಹಾಸಿಗೆ ನೆನೆಯುತ್ತದೆ. ನೇಕಾರರ ಮನೆ ಸೋರಿದರೆ ಮಗ್ಗದ ಮೇಲಿನ ಹಾಸು ನೆನೆಯುತ್ತದೆ. ಗಂಜಿ ಹಾಕಿದ ನೂಲಿಗೆ ತೇವ ತಾಗಿ ಎರಡು ದಿನ ಬಿಸಿಲು ಕಾಣದಿದ್ದರೆ ಬೂಷ್ಟು ಹಿಡಿಯುತ್ತದೆ. ರೇಷ್ಮೆಯ ಹಾಸಿನ ಮೇಲೆ ಹೆಂಚಿನ ಮಸಿ ಬೆರೆತ ಒಂದು ಹನಿ ಬಿದ್ದರೂ ಕಲೆ ಹೋಗುವುದಿಲ್ಲ. ಕಬ್ಬಿಣದ ಹಣಿಗೆ ತುಕ್ಕು ಹಿಡಿದರೆ ಆ ತುಕ್ಕು ಸೀರೆಗೂ ಹತ್ತುತ್ತದೆ. ಕಲೆಯಾದ ಸೀರೆಗೆ ಯಜಮಾನರು ಕೂಲಿ ಮುರಿದುಕೊಂಡರೆ ಕೇಳುವವರಾರು?

ಹೀಗಿದ್ದೂ ನಮ್ಮಲ್ಲಿ ಹೆಂಚಿನ ಯೋಚನೆ ಬರುವುದು ಮೊದಲ ಹನಿ ಮೂಗಿನ ಮೇಲೆ ಬಿದ್ದಾಗ. ಆಗ ಹೊತ್ತು ಮೀರಿರುತ್ತದೆ. ಏಕೆಂದರೆ ನಮ್ಮ ಸೀಮೆಯಲ್ಲಿ ಛಾವಣಿ ಕೆಡುವ ಕಾಲ ಬೇರೆ, ಕೆಟ್ಟದ್ದು ಕಾಣಿಸುವ ಕಾಲ ಬೇರೆ.

ನೀಲಗಿರಿಗೂ ಆನೆಮಲೈಗೂ ನಡುವೆ ಸುಮಾರು 30 ಕಿಲೋಮೀಟರ್ ಅಗಲದ ಪಾಲಕ್ಕಾಡಿನ ಕಣಿವೆ ಇದೆಯಲ್ಲ, ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಅಲ್ಲಿಂದ ನುಗ್ಗಿ ಬರುತ್ತದೆ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೇ ಜರುಗುತ್ತದೆ ಎಂದು ಇಲ್ಲಿಯ ತಮಿಳರು ಗಾದೆಯಾಗಿ ಹೇಳುತ್ತಾರೆ. ಉಡುಮಲೈ, ಪಲ್ಲಡಂ ಸುತ್ತಿನ ಹೊಲಗಳಲ್ಲಿ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತಿರುವುದು ಈ ಗಾಳಿಯನ್ನು ನಂಬಿಕೊಂಡೇ. ಅಷ್ಟು ದೊಡ್ಡ ರೆಕ್ಕೆಯನ್ನು ತಿರುಗಿಸುವ ಗಾಳಿ ನಮ್ಮ ನಾಡಹೆಂಚನ್ನು ಸುಮ್ಮನೆ ಬಿಟ್ಟೀತೆ? ಒಂದನ್ನು ಎರಡು ಬೆರಳು ಕೆಳಕ್ಕೆ ಜಾರಿಸುತ್ತದೆ, ಇನ್ನೊಂದನ್ನು ಓರೆ ಮಾಡುತ್ತದೆ. ಬಯಲಿನಲ್ಲಿ ಆ ತಿಂಗಳುಗಳಲ್ಲಿ ಹೆಚ್ಚು ಮಳೆ ಇಲ್ಲದ್ದರಿಂದ ಏನೂ ತಿಳಿಯುವುದಿಲ್ಲ. ಇದೇ ಜಿಲ್ಲೆಯ ವಾಲ್ಪಾರೈ ಬೆಟ್ಟದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ. ಕೊಯಮತ್ತೂರು ಬಯಲಿಗೆ ಬರುವುದು 600, 700 ಅಷ್ಟೇ. ಆದರೆ ಅದರಲ್ಲಿ ಅರ್ಧದಷ್ಟು ಐಪ್ಪಸಿ, ಕಾರ್ತಿಕದ ಹಿಂಗಾರಿನಲ್ಲಿ, ರಭಸವಾಗಿ ಬೀಳುತ್ತದೆ. ಆಡಿಯಲ್ಲಿ ಜರುಗಿದ ಹೆಂಚು ಐಪ್ಪಸಿಯಲ್ಲಿ ಸೋರುತ್ತದೆ.

ಆದ್ದರಿಂದ ಹೆಂಚು ಕೈಯಾಡಿಸಬೇಕಾದ ಕಾಲ ಆವಣಿಯ ಕೊನೆಯಿಂದ ಪುರಟಾಸಿಯ ನಡುವೆ. ಚೌಡೇಶ್ವರಮ್ಮನ ವಿಜಯದಶಮಿಯ ಅಲಗು ಸೇವೆಗೆ ಹೇಗೂ ಮನೆಗೆ ಸುಣ್ಣ ಬಳಿಯುತ್ತೀರಿ. ಸುಣ್ಣಕ್ಕೆ ಮೊದಲು ಹೆಂಚು ನೋಡಿ. ಹೆಂಚು ಬಿಟ್ಟು ಗೋಡೆಗೆ ಸುಣ್ಣ ಬಳಿದರೆ ಹದಿನೈದು ದಿನದಲ್ಲಿ ಕಂದು ಪಟ್ಟಿ ಇಳಿದಿರುತ್ತದೆ.

ನೋಡುವುದು ಹೇಗೆ? ಮಟಮಟ ಮಧ್ಯಾಹ್ನ ಬಾಗಿಲು ಕಿಟಕಿ ಮುಚ್ಚಿ, ದೀಪ ಆರಿಸಿ, ಒಳಗೆ ನಿಂತು ಮೇಲಕ್ಕೆ ನೋಡಿ. ಬಿಸಿಲಿನ ಚುಕ್ಕೆ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ರೀಪಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆದರೆ ನೀರು ಬಿಸಿಲಿನ ಹಾಗೆ ನೇರವಾಗಿ ಬರುವುದಲ್ಲ. ಮೇಲೆ ಎಲ್ಲೋ ಒಳಗೆ ಬಂದು ರೀಪಿನ ಮೇಲೆ ಹರಿದು, ಜಂತಿಯ ಮೇಲೆ ಇಳಿದು, ಮೂರು ಮೊಳ ಆಚೆ ತೊಟ್ಟಿಕ್ಕುತ್ತದೆ. ಹನಿ ಬಿದ್ದ ಜಾಗಕ್ಕೆ ನೇರ ಮೇಲಿರುವ ಹೆಂಚನ್ನು ಬದಲಾಯಿಸಿ, "ಆದರೂ ಸೋರುತ್ತದಲ್ಲ" ಎನ್ನುವವರು ಬಹಳ. ಮರದ ಮೇಲಿನ ಕಪ್ಪು ಜಾಡನ್ನು ಹಿಡಿದು ಮೇಲ್ಮುಖವಾಗಿ ಹೋಗಿ. ಜಾಡು ಮೊದಲಾಗುವ ಕಡೆ ಕೇಡು ಇರುತ್ತದೆ. ಇಳಿಸಿದ ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಕಂಚಿನಂತೆ ದನಿ ಬಂದರೆ ಮತ್ತೆ ಏರಿಸಿ. ದನಿ ಸತ್ತಿದ್ದರೆ ಕಣ್ಣಿಗೆ ಕಾಣದ ಬಿರುಕು ಇದೆ ಎಂದು ತಿಳಿಯಿರಿ.

ಹೆಚ್ಚಿನ ಸೋರಿಕೆ ಹೆಂಚಿನ ಹರವಿನಲ್ಲಿಲ್ಲ, ಕೂಡುವ ಕಡೆ ಇದೆ: ನೆತ್ತಿಯ ಸಾಲಿನಲ್ಲಿ, ಎರಡು ಇಳಿಜಾರು ಸೇರುವ ತಗಡಿನ ದೋಣಿಯಲ್ಲಿ, ಪಕ್ಕದ ಮನೆಯ ಗೋಡೆಗೆ ಛಾವಣಿ ತಾಗುವಲ್ಲಿ. ಅಮೆರಿಕ, ಯೂರೋಪುಗಳಲ್ಲಿ ಮನೆಯನ್ನೇ ಗಾಡಿಯ ಮೇಲೆ ಕಟ್ಟಿಕೊಂಡು ಊರೂರು ತಿರುಗುವವರಿದ್ದಾರೆ. ಅಂಥ ಮೋಟಾರು ಮನೆಗಳಲ್ಲೂ ನೀರು ಇಳಿಯುವುದು ಹೆಚ್ಚಾಗಿ ಹಾಳೆ ಹಾಳೆಗೆ ಸೇರುವ ಅಂಚಿನಲ್ಲಿ, ಗಾಳಿಕಿಂಡಿ ಕೊರೆದ ಸುತ್ತಿನಲ್ಲಿ. ನಮ್ಮ ದೋಣಿಯಲ್ಲಿ ಬೇವಿನ ಎಲೆ, ಹುಣಸೆಯ ಎಲೆ, ಗಿರಣಿ ಹತ್ತಿರವಿದ್ದರೆ ಹತ್ತಿಯ ಧೂಳು ಎಲ್ಲ ಸೇರಿ ಕಂಬಳಿಯ ಹಾಗೆ ಕೂತಿರುತ್ತದೆ. ಅದನ್ನು ತೆಗೆದರೇ ಅರ್ಧ ಸೋರಿಕೆ ನಿಲ್ಲುತ್ತದೆ, ಕಾಸು ಖರ್ಚಿಲ್ಲ.

ಇನ್ನು ಸಿಮೆಂಟಿನ ಹುಚ್ಚು. ನಾಡಹೆಂಚಿನ ಕೆಲಸ ಬಲ್ಲವರು ಕಡಿಮೆಯಾದ ಮೇಲೆ, ಕರೆದವರು ಬಂದು ಸಂದಿಗೆಲ್ಲ ಸಿಮೆಂಟು ಮೆತ್ತಿ ಹೋಗುತ್ತಾರೆ. ನನಗೆ ಇದು ಸರಿಕಾಣುವುದಿಲ್ಲ. ಹೆಂಚು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ; ಬಿರುಸಾದ ಸಿಮೆಂಟು ಜೊತೆಗೆ ಆಡುವುದಿಲ್ಲ, ಸೀಳುತ್ತದೆ. ಮುಂದೆ ಒಂದು ಹೆಂಚು ತೆಗೆಯಹೋದರೆ ನಾಲ್ಕು ಒಡೆಯುತ್ತವೆ. ನೆತ್ತಿಗೆ ಬೇಕಾದರೆ ಸುಣ್ಣ ಹೆಚ್ಚಾಗಿ ಬೆರೆತ ಮೆದು ಗಾರೆ ಸಾಕು. ಹಾಗೆಯೇ ಹೆಂಚಿನ ಮೇಲೆ ಫ್ಲೆಕ್ಸ್ ಹಾಸಿ ಕಲ್ಲು ಹೇರುವುದೂ ಬೇಡ. ಕಲ್ಲಿನ ಭಾರಕ್ಕೆ ಹೆಂಚು ಒಡೆಯುತ್ತದೆ, ಆಡಿಗೆ ಫ್ಲೆಕ್ಸ್ ಹಾರಿಹೋಗುತ್ತದೆ.

ಮಂಗಳೂರು ಹೆಂಚಿನ ಮನೆಯವರಿಗೆ ಕಷ್ಟ ಕಡಿಮೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದು ಹಬ್ಬಿಸಿದ ಈ ಹೆಂಚು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ಆದರೂ ಗಾಳಿ ನೇರವಾಗಿ ಬಡಿಯುವ ಪಡುವಣ ಸೂರಿನ ಮೊದಲೆರಡು ಸಾಲನ್ನು ತಂತಿಯಿಂದ ರೀಪಿಗೆ ಕಟ್ಟಿಸಿ.

ಸೋಮನೂರು, ಪಲ್ಲಡಂ ಕಡೆಯ ವಿದ್ಯುತ್ ಮಗ್ಗದ ಕೊಟ್ಟಿಗೆಗಳಿಗೆ ಎರಡೇ ಮಾತು. ಕಲ್ನಾರು ಶೀಟಿಗೆ ಬೋಲ್ಟು ಉಬ್ಬಿನ ಮೇಲೆ ಇರಬೇಕು, ತಗ್ಗಿನಲ್ಲಿ ಅಲ್ಲ. ಹಳೆಯ ಶೀಟನ್ನು ಒಣಗಿದ್ದಾಗ ಉಜ್ಜುವುದು, ಕೊರೆಯುವುದು ಮಾಡಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಹತ್ತಬೇಕಾದರೆ ಹಲಗೆ ಹಾಕಿಕೊಂಡು ಹತ್ತಿ, ಶೀಟು ಮುರಿದು ಯಂತ್ರದ ಮೇಲೆ ಬಿದ್ದವರುಂಟು. ನೆನೆದ ಗೋಡೆಯಲ್ಲಿ ಸ್ವಿಚ್ಚು ಇದ್ದರೆ ಮೊದಲು ಮೇನ್ ಆರಿಸಿ.

ಕೈಮಗ್ಗದವರು ಮರೆಯುವ ಒಂದು ಸಂಗತಿ ಇದೆ. ಹೆಂಚೆಲ್ಲ ಸರಿಮಾಡಿದರೂ ಮಗ್ಗದ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಅದು ಮೇಲಿನಿಂದ ಬಂದದ್ದಲ್ಲ, ಕೆಳಗಿನಿಂದ ಬಂದದ್ದು. ಸೂರಿನಿಂದ ಬಿದ್ದ ನೀರು ಗೋಡೆಯ ಬುಡದಲ್ಲೇ ಇಂಗಿ, ತಳಪಾಯದ ಕೆಳಗೆ ಸರಿದು ಗುಂಡಿಯಲ್ಲಿ ಒಸರುತ್ತದೆ. ಹಾಗಾಗಿ ಸೂರು ಗೋಡೆಯಿಂದ ಒಂದೂವರೆ, ಎರಡು ಅಡಿಯಾದರೂ ಮುಂದೆ ಚಾಚಿರಲಿ. ನೀರು ಬೀಳುವ ಕಡೆ ಕಲ್ಲು ಹಾಸಿ, ಹೊರಮುಖವಾಗಿ ಇಳಿಜಾರು ಕೊಡಿ. 2003ರಲ್ಲಿ ತಮಿಳುನಾಡು ಸರ್ಕಾರ ಮನೆಮನೆಗೂ ಮಳೆನೀರು ಕೊಯ್ಲು ಕಡ್ಡಾಯ ಮಾಡಿತು, ಒಳ್ಳೆಯ ಕೆಲಸ. ಆದರೆ ಇಂಗುಗುಂಡಿಯನ್ನು ಮಗ್ಗದ ಗುಂಡಿಯ ಗೋಡೆಗೇ ಒತ್ತಿ ತೋಡಿದರೆ ನೀರು ಭೂಮಿಗೆ ಇಂಗುವ ಮೊದಲು ನಿಮ್ಮ ಕಾಲಿನ ಹಲಗೆಯನ್ನು ನೆನೆಸುತ್ತದೆ. ಹತ್ತಡಿ ದೂರ ತೋಡಿ. ಮಗ್ಗದ ಗುಂಡಿಯ ಬಾಯಿಗೆ ಒಂದು ಗೇಣು ಕಟ್ಟೆಯೂ ಇರಲಿ.

ಬುಡ ನೆನೆದ ಗೋಡೆ ನಂಬತಕ್ಕದ್ದಲ್ಲ. 2019ರ ಡಿಸೆಂಬರ್ 2ರ ಬೆಳಗಿನ ಜಾವ ಮೇಟ್ಟುಪಾಳಯದ ಬಳಿಯ ನಡೂರಿನಲ್ಲಿ ಮಳೆಗೆ ನೆನೆದ ಎತ್ತರದ ಕಾಂಪೌಂಡ್ ಗೋಡೆ ಪಕ್ಕದ ಮನೆಗಳ ಮೇಲೆ ಬಿದ್ದು, ಮಲಗಿದ್ದ 17 ಜನ ಸತ್ತರು. ಅವರ ಮನೆಯ ಗೋಡೆಯಲ್ಲ, ಪಕ್ಕದವರ ಗೋಡೆ. ಪುರಟಾಸಿಯಲ್ಲಿ ನಿಮ್ಮ ಹೆಂಚು ನೋಡುವಾಗ ಪಕ್ಕದ ಗೋಡೆ ವಾಲಿದೆಯೇ, ಹೊಟ್ಟೆ ಬಿಟ್ಟಿದೆಯೇ, ಅದರ ಹಿಂದೆ ನೀರು ಕಟ್ಟಿಕೊಳ್ಳುತ್ತದೆಯೇ ಎಂದೂ ನೋಡಿ. ಅನುಮಾನವಿದ್ದರೆ ಪಂಚಾಯಿತಿಗೆ ಬರೆದುಕೊಡಿ, ಮಕ್ಕಳ ಹಾಸಿಗೆಯನ್ನು ಆ ಬದಿಯಿಂದ ಸರಿಸಿ.

ಇಷ್ಟಾಗಿಯೂ ನಡುರಾತ್ರಿ ಸೋರಲು ಮೊದಲಾದರೆ? ಮಳೆಯಲ್ಲಿ ಛಾವಣಿ ಹತ್ತಬೇಡಿ. ಪಾಚಿ ಹಿಡಿದ ಹೆಂಚಿನಷ್ಟು ಜಾರುವ ವಸ್ತು ಇನ್ನೊಂದಿಲ್ಲ. ಹನಿ ಹುಟ್ಟುವ ಕಡೆ ರೀಪಿಗೆ ಒಂದು ದಪ್ಪ ಹತ್ತಿನೂಲು ಕಟ್ಟಿ, ಇನ್ನೊಂದು ತುದಿಯನ್ನು ಮಗ್ಗದಿಂದ ಆಚೆಗೆ ಎಳೆದು ಬಕೆಟಿನಲ್ಲಿ ಬಿಡಿ. ನೀರು ನೂಲನ್ನು ಹಿಡಿದು ಇಳಿಯುತ್ತದೆ, ನೂಲಿಗೆ ನಮ್ಮ ಮನೆಯಲ್ಲಿ ಬರವೇ? ಹಾಸಿನ ಮೇಲೆ ಪ್ಲಾಸ್ಟಿಕ್ ಮುಚ್ಚುವಾಗ ಅದು ನೂಲಿಗೆ ತಾಗದಂತೆ ಅಡ್ಡಕ್ಕೆ ಹಗ್ಗ ಕಟ್ಟಿ ಮೇಲೆ ಹಾಕಿ. ಬೆಳಗ್ಗೆ ತೆಗೆದು ಗಾಳಿಯಾಡಿಸಿ. ಹನಿ ಬಿದ್ದ ಜಾಗಕ್ಕೆ ಅಕ್ಕಂದಿರು ಇದ್ದಿಲಿನಲ್ಲಿ ಗುರುತು ಹಾಕಿಟ್ಟರೆ, ಮುಂದಿನ ಆವಣಿಯಲ್ಲಿ ಹೆಂಚಿನವರು ಬಂದಾಗ ಹುಡುಕುವ ಕೆಲಸವಿರುವುದಿಲ್ಲ. ಬೀದಿಯಲ್ಲಿ ಯಾರಾದರೂ ಹಳೆಯ ಮನೆ ಕೆಡವುತ್ತಿದ್ದರೆ ಐವತ್ತು ಗಟ್ಟಿ ನಾಡಹೆಂಚನ್ನು ಕೇಳಿ ತಂದಿಟ್ಟುಕೊಳ್ಳಿ. ಒಂದರ ಮೇಲೊಂದು ಪೇರಿಸಬೇಡಿ, ಜಗಲಿಯ ಮೂಲೆಯಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ.