ಗಡಿನಾಡಿನ ಹೆಣ್ಣುಮಕ್ಕಳ ಬೋರ್ಡಿಂಗು: ಸ್ತವನಿಧಿಯಿಂದ ಮಲಾಬಾದದವರೆಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಗೆ ಬೋರ್ಡಿಂಗ್ ಬಂದದ್ದು ಮೊದಲು ಗಂಡುಮಕ್ಕಳಿಗಾಗಿ, ಅದೂ ಸಮುದಾಯದ ಹೆಸರಿನಲ್ಲಿ. 1899ರಲ್ಲಿ ನಿಪ್ಪಾಣಿ ಹತ್ತಿರದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಭಾರತ ಜೈನ ಸಭೆ ಹುಟ್ಟಿತು. ಹಳ್ಳಿಯ ರೈತರ ಮಕ್ಕಳು ಪಟ್ಟಣದಲ್ಲಿ ನಿಂತು ಓದುವಂತಾಗಬೇಕು ಎಂಬುದು ಅದರ ದೊಡ್ಡ ಹಂಬಲವಾಗಿತ್ತು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದ ಭಾಗ. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಒಂದರ ಹಿಂದೊಂದು ವಸತಿಗೃಹಗಳಿಗೆ ಜಾಗ, ಹಣ ಕೊಟ್ಟರು. ಮರಾಠರಿಗೊಂದು, ಜೈನರಿಗೊಂದು, ಲಿಂಗಾಯತರಿಗೊಂದು, ಮುಸ್ಲಿಮರಿಗೊಂದು, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡ ಮಕ್ಕಳಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗ್. ಇವು ಎಷ್ಟೋ ಮನೆತನಗಳ ಹಣೆಬರಹವನ್ನೇ ಬದಲಿಸಿದವು. ಆದರೆ ಆ ಮನೆಗಳ ಹೆಣ್ಣುಮಕ್ಕಳು ಊರಲ್ಲೇ ಉಳಿದರು.

ಹೆಣ್ಣುಮಕ್ಕಳ ವಸತಿ ಶಿಕ್ಷಣದ ಬೇರು ವಿಧವೆಯರ ಆಶ್ರಮಗಳಲ್ಲಿದೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. 1896ರಲ್ಲಿ ಧೋಂಡೋ ಕೇಶವ ಕರ್ವೆಯವರು ಪುಣೆಯಲ್ಲಿ ಅನಾಥ ಬಾಲಿಕಾಶ್ರಮ ಕಟ್ಟಿದರು. ಜೈನ ಸಮಾಜದಲ್ಲಿ, ಎಳೆಯ ವಯಸ್ಸಿನಲ್ಲೇ ವಿಧವೆಯಾದ ಮಗನ್‌ಬಾಯಿ ಮುಂಬಯಿಯಲ್ಲಿ ಶ್ರಾವಿಕಾಶ್ರಮ ನಡೆಸಿದರು. ಅದೇ ಮಾದರಿ ಮುಂದೆ ಸೊಲ್ಲಾಪುರ, ಸಾಂಗ್ಲಿಗಳಿಗೂ ಬಂತು. ಕೃಷ್ಣೆಯ ದಂಡೆಯ ಜೈನ ಕುಟುಂಬಗಳಿಗೆ ಸಾಂಗ್ಲಿ ದೂರದ ಊರಲ್ಲ. ಓದು, ಹೊಲಿಗೆ, ವ್ರತ, ಸರಳ ಉಡುಪು, ತನ್ನ ಕೆಲಸ ತಾನೇ ಮಾಡಿಕೊಳ್ಳುವುದು: ಮುಂದಿನ ಹೆಣ್ಣುಮಕ್ಕಳ ಹಾಸ್ಟೆಲುಗಳ ನಡೆನುಡಿಗೆ ಅಡಿಪಾಯ ಬಿದ್ದದ್ದು ಈ ಆಶ್ರಮಗಳಲ್ಲಿ. ಈ ಪರಂಪರೆ ಇಂದಿಗೂ ಜೀವಂತವಾಗಿದೆ. 1946ರಲ್ಲಿ ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ ಜನಿಸಿದ ಜೈನ ಮುನಿ ಆಚಾರ್ಯ ವಿದ್ಯಾಸಾಗರರ ಪ್ರೇರಣೆಯಿಂದ ಜಬಲ್ಪುರದಲ್ಲಿ ಪ್ರತಿಭಾಸ್ಥಲಿ ಎಂಬ ಹೆಣ್ಣುಮಕ್ಕಳ ವಸತಿ ಶಾಲೆ ನಡೆಯುತ್ತಿದೆ. ಅಲ್ಲಿ ಪಾಠ ಹೇಳುವವರು ಬ್ರಹ್ಮಚಾರಿಣಿಯರು.

ಬೇರೊಂದು ಆದರ್ಶ 1969ರಲ್ಲಿ ಬಂತು. ಮಾಜಿ ಮುಖ್ಯಮಂತ್ರಿ ಎಸ್. ಆರ್. ಕಂಠಿಯವರ ಮುತುವರ್ಜಿಯಿಂದ ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ಸೈನಿಕ ಮಾದರಿಯ ವಸತಿ ಶಾಲೆ ಶುರುವಾಯಿತು. ಪರೇಡ್, ಕುದುರೆ ಸವಾರಿ, ಗುರಿ ಹೊಡೆಯುವುದು ಹುಡುಗಿಯರ ದಿನಚರಿಗೆ ಸೇರಿದವು. ದೇಶದ ಸೈನಿಕ ಶಾಲೆಗಳು ಬಾಲಕಿಯರಿಗೆ ಬಾಗಿಲು ತೆರೆಯಲು ಮತ್ತೆ ಅರ್ಧ ಶತಮಾನ ಬೇಕಾಯಿತು ಎಂಬುದನ್ನು ನೆನೆದರೆ ಕಿತ್ತೂರಿನ ಮುಂದಾಲೋಚನೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಆದರೆ ಈ ಐದು ತಾಲ್ಲೂಕುಗಳ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮನಮುಟ್ಟುವ ಅಧ್ಯಾಯ ಅಥಣಿಯದು. ಕೊಕಟನೂರಿನ ಯಲ್ಲಮ್ಮನ ಜಾತ್ರೆ ನಡೆಯುವುದು ಇದೇ ತಾಲ್ಲೂಕಿನಲ್ಲಿ. ಬಡ ದಲಿತ ಕುಟುಂಬಗಳ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುವ ಪದ್ಧತಿ ಈ ಭಾಗದಲ್ಲಿ ಆಳವಾಗಿ ಬೇರೂರಿತ್ತು. 1934ರ ಮುಂಬಯಿ ಕಾಯ್ದೆ ಅದನ್ನು ನಿಷೇಧಿಸಿತು, 1982ರಲ್ಲಿ ಕರ್ನಾಟಕವೂ ಕಾಯ್ದೆ ತಂದಿತು. ಕಾಗದದ ಮೇಲಿನ ನಿಷೇಧ ಕೇರಿಯೊಳಗೆ ಇಳಿಯಲಿಲ್ಲ. ತಾಯಿಗೆ ಮುತ್ತು ಕಟ್ಟಿದ್ದರೆ ಮಗಳ ದಾರಿಯೂ ಅದೇ ಎಂದು ಊರು ಮೊದಲೇ ತೀರ್ಮಾನಿಸಿಬಿಡುತ್ತಿತ್ತು. ಶಾಲೆಗೆ ಹೋದರೆ ತಂದೆಯ ಹೆಸರು ಕೇಳುತ್ತಿದ್ದರು. ಆ ಒಂದು ಪ್ರಶ್ನೆಗೇ ಎಷ್ಟೋ ಮಕ್ಕಳು ಶಾಲೆ ಬಿಟ್ಟರು.

ಅಥಣಿಯ ವಕೀಲ ಬಿ. ಎಲ್. ಪಾಟೀಲರು 1980ರ ದಶಕದಲ್ಲಿ ವಿಮೋಚನಾ ಸಂಘವನ್ನು ಕಟ್ಟಿದರು. ತಾಯಂದಿರ ಪುನರ್ವಸತಿಯ ಕೆಲಸದ ಜೊತೆಗೆ, ಮಕ್ಕಳನ್ನು ಆ ವಾತಾವರಣದಿಂದ ದೂರವಿಟ್ಟು ಓದಿಸದೆ ಸರಪಳಿ ಕಡಿಯದು ಎಂಬ ತಿಳಿವಳಿಕೆಯಿಂದ ಮಲಾಬಾದದಲ್ಲಿ ದೇವದಾಸಿಯರ ಮಕ್ಕಳಿಗೆ ವಸತಿ ಶಾಲೆ ತೆರೆದರು. ಹುಡುಗರೂ ಹುಡುಗಿಯರೂ ಅಲ್ಲಿ ಕಲಿತರು. ಹುಡುಗಿಯರಿಗಂತೂ ಆ ಸೂರು ಮುತ್ತು ಕಟ್ಟುವ ವಯಸ್ಸನ್ನು ದಾಟಿಸುವ ಹರಿಗೋಲಾಯಿತು. ಓದು ಮುಗಿಸಿದವರು ಕೆಲಸ ಹಿಡಿದರು, ಮದುವೆಯಾಗಿ ಸಂಸಾರ ಹೂಡಿದರು. ಗಡಿನಾಡಿನ ವಸತಿ ಶಾಲೆಗಳು ಬದುಕನ್ನೇ ಬದಲಿಸಿದವು ಎಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಸಿಗುವುದಿಲ್ಲ.

ಸರಕಾರ ದೊಡ್ಡ ಪ್ರಮಾಣದಲ್ಲಿ ವಸತಿ ಶಿಕ್ಷಣಕ್ಕೆ ಇಳಿದದ್ದು 1990ರ ದಶಕದ ಕೊನೆಗೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ಹೆಸರಿನ ಸರಕಾರಿ ವಸತಿ ಶಾಲೆಗಳನ್ನು ನೋಡಿಕೊಳ್ಳಲು 1999ರಲ್ಲಿ ಪ್ರತ್ಯೇಕ ಸಂಘ ರಚನೆಯಾಯಿತು. ಹೆಣ್ಣುಮಕ್ಕಳ ಸಾಕ್ಷರತೆ ಹಿಂದುಳಿದ ತಾಲ್ಲೂಕುಗಳಿಗಾಗಿ 2004ರಲ್ಲಿ ಕೇಂದ್ರದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಯೋಜನೆ ಬಂತು. ಅದರಲ್ಲಿ ನೂರಕ್ಕೆ 75 ಸೀಟು ಪರಿಶಿಷ್ಟ, ಹಿಂದುಳಿದ ಮತ್ತು ಅಲ್ಪಸಂಖ್ಯಾತ ಸಮುದಾಯಗಳ ಬಾಲಕಿಯರಿಗೆ, ಉಳಿದ 25 ಬಡತನದ ರೇಖೆಗಿಂತ ಕೆಳಗಿನ ಮನೆಗಳವರಿಗೆ.

ಇಂಥ ವಸತಿ ಶಾಲೆಗಳ ದಿನ ನಸುಕಿನಲ್ಲೇ ಆರಂಭವಾಗುತ್ತದೆ. ಬಚ್ಚಲಿಗೆ ಸಾಲು, ವ್ಯಾಯಾಮ, ಪ್ರಾರ್ಥನೆ, ನಾಷ್ಟಾ, ತರಗತಿ, ಸಂಜೆ ಆಟ, ರಾತ್ರಿ ಅಭ್ಯಾಸ. ದೊಡ್ಡ ಹುಡುಗಿಯರು ಸಣ್ಣವರ ಜಡೆ ಹಾಕುತ್ತಾರೆ, ಮನೆ ನೆನೆಸಿ ಅಳುವವರನ್ನು ಸಮಾಧಾನ ಮಾಡುತ್ತಾರೆ. ಮನೆಯಲ್ಲಿ ಮರಾಠಿ ಆಡುವ ಹುಡುಗಿ ಕನ್ನಡ ಕಲಿಯುವುದು ಪಾಠಕ್ಕಿಂತ ಹೆಚ್ಚಾಗಿ ಪಕ್ಕದ ಹಾಸಿಗೆಯ ಗೆಳತಿಯಿಂದ. ಶತಮಾನದ ಹಿಂದೆ ಜಾತಿಗೊಂದು ಬೋರ್ಡಿಂಗ್ ಇದ್ದ ನೆಲದಲ್ಲಿ ಇಂದು ಬೇರೆ ಬೇರೆ ಕೇರಿಗಳ ಹುಡುಗಿಯರು ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ. ಪಠ್ಯಪುಸ್ತಕದ ಸಮಾನತೆಯ ಪಾಠಕ್ಕಿಂತ ಈ ಸಾಲಿನ ಪಾಠ ದೊಡ್ಡದು.

ವಸತಿ ಶಾಲೆಗಳ ಗುಣಮಟ್ಟವನ್ನು ಕಟ್ಟಡದಿಂದ ಅಳೆಯಲಾಗದು. ರಾತ್ರಿ ಉಳಿಯುವ ಮಹಿಳಾ ಮೇಲ್ವಿಚಾರಕಿ, ನೀರಿರುವ ಶೌಚಾಲಯ, ಮುಟ್ಟಿನ ದಿನಗಳ ಅನುಕೂಲ, ದೂರು ಹೇಳಿಕೊಳ್ಳಲು ಒಬ್ಬ ನಂಬಿಕಸ್ತೆ ಇರಲೇಬೇಕು. ಇನ್ನೊಂದು ತೊಡಕು ಹತ್ತನೆಯ ತರಗತಿಯ ನಂತರದ್ದು. ಬಹಳಷ್ಟು ವಸತಿ ಶಾಲೆಗಳು ಅಲ್ಲಿಗೇ ಮುಗಿಯುತ್ತವೆ, ಮದುವೆಯ ಮಾತು ಏಳುವುದೂ ಆಗಲೇ. ಪಿಯು ಕಾಲೇಜಿನ ಜೊತೆಗೆ ಹಾಸ್ಟೆಲ್ ಸಿಗದಿದ್ದರೆ ಐದು ವರ್ಷದ ಶ್ರಮ ಅರ್ಧಕ್ಕೆ ನಿಲ್ಲುತ್ತದೆ.

ರಾಜ್ಯದ ವಸತಿ ಶಾಲೆಗಳ 6ನೇ ತರಗತಿಗೆ ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸಲಾಗುತ್ತದೆ. 5ನೇ ತರಗತಿಯಲ್ಲಿ ಓದುತ್ತಿರುವ ಮಗಳಿರುವ ಪಾಲಕರು ಆ ವರ್ಷವೇ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ ಅರ್ಜಿ ಹಾಕಬೇಕು.